ಹಗಲು ಮಲಗುವವರ ಮನೆ

ಆ ಮನೆಗೆ ಅಳಿಯನಾಗಿ ಎರಡು ವರ್ಷ ಕಳೆದಿದ್ದರೂ ಹಗಲು ಹೊತ್ತಿನಲ್ಲಿ ಅದು ಹೇಗಿರುತ್ತದೆ ಎಂದು ಅವನಿಗೆ ಗೊತ್ತಾದದ್ದು ಮಣಿಕಟ್ಟು ಮುರಿದುಕೊಂಡ ಮೇಲೆಯೇ.

ಅವನು ಲಿಫ್ಟ್ ರಿಪೇರಿ ಕೆಲಸದವನು. ಹನ್ನೆರಡು ಅಂತಸ್ತಿನ ಕಟ್ಟಡದ ನೆತ್ತಿಯ ಮೇಲೆ, ಕಾಲು ಇಳಿಬಿಟ್ಟು ಕೂತು ತಿಂಡಿ ತಿನ್ನುವವನು, ಒಂದು ದಿನ ಗೋದಾಮಿನಲ್ಲಿ ಮೂರೇ ಮೆಟ್ಟಿಲಿನ ಏಣಿಯಿಂದ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ. ಆರು ವಾರ ರಜೆ. ಅವನ ಹೆಂಡತಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಬೆಳಿಗ್ಗೆ ಕಣ್ಣು ಎಳೆಯುತ್ತಾ ಮನೆಗೆ ಬಂದವಳು ಇವನ ಅಂಗಿಯ ಗುಂಡಿ ಹಾಕಿ, ಅಡುಗೆ ಮಾಡಿ, ತಲೆ ಬಾಚಿ ಮಲಗುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಒಂದು ಸಂಜೆ ಅತ್ತೆ ಬಂದರು. ಸಿಂಕಿನಲ್ಲಿ ಬೆಟ್ಟವಾಗಿ ಬಿದ್ದಿದ್ದ ಪಾತ್ರೆ ನೋಡಿದರು, ಮಗಳ ಕಣ್ಣಿನ ಕೆಳಗಿನ ಕಪ್ಪು ನೋಡಿದರು. "ಇಬ್ಬರೂ ಬಟ್ಟೆ ತುಂಬ್ಕೊಳ್ಳಿ" ಎಂದರು. ಅತ್ತೆಯ ದನಿ ದೊಡ್ಡದು. ಪಕ್ಕದ ಮನೆಯವರೂ ಬಟ್ಟೆ ತುಂಬಿಕೊಳ್ಳಬೇಕೇನೋ ಎಂಬಂತೆ ಕೇಳಿಸಿತು.

ದನಿ ದೊಡ್ಡದಾಗಲು ಕಾರಣವಿತ್ತು. ಅತ್ತೆ ಇಪ್ಪತ್ತೆರಡು ವರ್ಷ ಬಟ್ಟೆ ಗಿರಣಿಯಲ್ಲಿ ದುಡಿದವರು. ನಾಲ್ಕುನೂರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಶೆಡ್ಡು. ಗಿರಣಿ ಬಾಗಿಲು ಹಾಕುವ ಹೊತ್ತಿಗೆ ಅತ್ತೆಯ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ಪಕ್ಕದಲ್ಲೇ ನಿಂತು ಕೂಗಿದರೆ ಅಷ್ಟಿಷ್ಟು. ಆದರೆ ಎದುರಿಗಿದ್ದವರ ತುಟಿ ನೋಡಿದರೆ ಸಾಕು, ಒಂದು ಅಕ್ಷರ ಬಿಡದೆ ಹೇಳುತ್ತಿದ್ದರು. ಆ ಗದ್ದಲದಲ್ಲಿ ಗಿರಣಿಯ ಹೆಂಗಸರೆಲ್ಲ ತುಟಿಯಲ್ಲೇ ಮಾತಾಡುತ್ತಿದ್ದರಂತೆ. ಜಗಳವೂ ಅದರಲ್ಲೇ, ಗುಟ್ಟೂ ಅದರಲ್ಲೇ.

ಮಾವ ದಿನಪತ್ರಿಕೆಯೊಂದರ ಪ್ರೆಸ್ಸಿನಲ್ಲಿ ಮುದ್ರಣಯಂತ್ರ ನಡೆಸುವವರು, ಮೂವತ್ತು ವರ್ಷದಿಂದ ರಾತ್ರಿ ಪಾಳಿ. ಬಾಮೈದ ಬೇಕರಿಯಲ್ಲಿ ಬ್ರೆಡ್ಡಿನ ಒಲೆ ನೋಡಿಕೊಳ್ಳುತ್ತಿದ್ದ, ಅವನದೂ ರಾತ್ರಿ ಕೆಲಸವೇ. ಈಗ ಮಗಳೂ ಸೇರಿದಳು. ಬೆಳಿಗ್ಗೆ ಒಂಬತ್ತಕ್ಕೆಲ್ಲ ಮೂವರೂ ಉಂಡು ಮಲಗಿಬಿಡುತ್ತಿದ್ದರು. ಒಂಬತ್ತರಿಂದ ನಾಲ್ಕರವರೆಗೆ ಆ ಮನೆಯಲ್ಲಿ ಎಚ್ಚರವಿರುತ್ತಿದ್ದವರು ಅತ್ತೆ ಮತ್ತು ಅಳಿಯ ಇಬ್ಬರೇ, ಮತ್ತು ಆ ಏಳು ಗಂಟೆ ಅತ್ತೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ತಮ್ಮ ದನಿ ಎಷ್ಟು ಏರಿದೆ ಎಂದು ತಮಗೇ ಗೊತ್ತಾಗುವುದಿಲ್ಲವಲ್ಲ, ಅದಕ್ಕೇ ದನಿಯ ಗೊಡವೆಯೇ ಬೇಡವೆಂದು ತುಟಿಯಲ್ಲಷ್ಟೇ ಮಾತು.

ಹೆಂಡತಿಗೂ ಬಾಮೈದನಿಗೂ ಆ ಭಾಷೆ ಚಿಕ್ಕಂದಿನಿಂದ ಬಾಯಿಪಾಠ. ಅಳಿಯ ಮಾತ್ರ ಹೊಸಬ. ಮೊದಲನೇ ದಿನ ಅತ್ತೆ ಬಕೆಟ್ ಕೇಳಿದರೆ ಅವನು ಬಿಸ್ಕತ್ತಿನ ಪ್ಯಾಕೆಟ್ ತಂದುಕೊಟ್ಟ. ಅತ್ತೆ ಪ್ಯಾಕೆಟ್ಟನ್ನೂ ಅವನ ಮುಖವನ್ನೂ ನೋಡಿ, ಒಂದು ಬಿಸ್ಕತ್ತು ತೆಗೆದುಕೊಂಡು ತಿಂದು, ತಾವೇ ಹೋಗಿ ಬಕೆಟ್ ತಂದುಕೊಂಡರು.

ಕೈ ಕಟ್ಟಿ ಕೂರುವುದು ಎಂಬ ಮಾತಿನ ಅರ್ಥ ಅವನಿಗೆ ಆ ದಿನಗಳಲ್ಲಿ ಚೆನ್ನಾಗಿ ತಿಳಿಯಿತು. ಬೇರೆ ಕೆಲಸವಿಲ್ಲದೆ ಮನೆಯನ್ನೇ ನೋಡುತ್ತಾ ಕೂತ. ಕುರ್ಚಿಗಳ ಕಾಲಿಗೆಲ್ಲ ರಬ್ಬರಿನ ಟೋಪಿ ಇತ್ತು. ಶೆಲ್ಫಿನಲ್ಲಿ ಪ್ರತಿ ಎರಡು ತಟ್ಟೆಯ ನಡುವೆ ಒಂದು ಬಟ್ಟೆಯ ತುಂಡು. ಬಾಗಿಲ ಬಿಜಾಗರಿಗಳಿಗೆ ಭಾನುವಾರ ಬಂತೆಂದರೆ ಎಣ್ಣೆ. ಕರೆಗಂಟೆಯ ತಂತಿ ಕಿತ್ತು ಎಷ್ಟೋ ವರ್ಷವಾಗಿತ್ತು. ಅದರ ಬದಲು ಗೇಟಿನಿಂದ ಅಡುಗೆಮನೆಯವರೆಗೆ ಒಂದು ದಾರ ಎಳೆದು ಅದರ ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಯಾರಾದರೂ ಹೊರಗೆ ದಾರ ಎಳೆದರೆ ಒಳಗೆ ಅತ್ತೆಯ ಕಣ್ಣೆದುರು ಆ ಬಟ್ಟೆ ಕುಣಿಯುತ್ತಿತ್ತು. ಇದೆಲ್ಲ ವಯಸ್ಸಾದವರ ಚಾಳಿ ಎಂದುಕೊಂಡು ಅವನು ಮನಸ್ಸಿನಲ್ಲೇ ನಕ್ಕಿದ್ದ.

ಸದ್ದು ಶುರುವಾದದ್ದು ಒಂದು ಸೋಮವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಎಲ್ಲಿಂದಲೋ, "ಟಕ್". ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಟಕ್". ದೊಡ್ಡ ಸದ್ದೇನೂ ಅಲ್ಲ. ಗಡಿಯಾರದ ಹಾಗೆ ಒಂದೇ ಸಮನೆ ಬಂದಿದ್ದರೆ ಕಿವಿ ಒಗ್ಗಿಕೊಳ್ಳುತ್ತಿತ್ತೋ ಏನೋ. ಇದು ಒಮ್ಮೆ ಹತ್ತು ಸೆಕೆಂಡಿಗೆ, ಒಮ್ಮೆ ಒಂದು ನಿಮಿಷಕ್ಕೆ. ಇನ್ನು ನಿಂತಿತು ಎಂದು ಸಮಾಧಾನ ಪಟ್ಟುಕೊಳ್ಳುವಾಗಲೇ ಮತ್ತೊಂದು. ಮಧ್ಯಾಹ್ನ ಎರಡೂವರೆಗೆ ತಾನಾಗಿಯೇ ನಿಂತಿತು. ಸಂಜೆ ಮಾವ ಎದ್ದಾಗ ಕಣ್ಣು ಕೆಂಡದ ಹಾಗಿತ್ತು.

"ಯಾರೋ ತಲೆ ಮೇಲೆ ಬೆರಳಲ್ಲಿ ಮೊಟಕಿದ ಹಾಗಾಗುತ್ತೆ" ಎಂದರು ಮಾವ. "ನಿದ್ದೆ ಹತ್ತೋ ಹೊತ್ತಿಗೆ ಸರಿಯಾಗಿ ಮೊಟಕ್ತಾನೆ."

"ನಾನು ನೋಡ್ತೀನಿ ಬಿಡಿ ಮಾವ" ಎಂದ ಅಳಿಯ. ಸದ್ದು ಎಂದರೆ ಅವನ ಕಸುಬು ತಾನೇ. ಲಿಫ್ಟು ಒಂದು ಅಂತಸ್ತು ಏರಿದರೆ ಯಾವ ಬೇರಿಂಗ್ ಸವೆದಿದೆ ಎಂದು ಕಿವಿಯಲ್ಲೇ ಹೇಳುವವನು. ಒಂದು ಮನೆಯ ಟಕ್‌ಟಕ್ ಯಾವ ಲೆಕ್ಕ.

ಮಂಗಳವಾರ ಫ್ರಿಜ್ಜಿನ ಮೇಲೆ ಅನುಮಾನ ಬಂದು ಅದರ ಕಾಲಿನ ಕೆಳಗೆ ರಟ್ಟು ಮಡಿಸಿ ಇಟ್ಟ. ಸದ್ದು ನಿಲ್ಲಲಿಲ್ಲ. ಗೋಡೆ ಗಡಿಯಾರದ ಮೇಲೆ ಅನುಮಾನ ಬಂದು ಅದರ ಸೆಲ್ ಕಿತ್ತಿಟ್ಟ. ಸದ್ದು ನಿಲ್ಲಲಿಲ್ಲ, ಗಡಿಯಾರ ನಿಂತಿತು. ಸೆಲ್ ಮತ್ತೆ ಹಾಕಿದವನು ಮುಳ್ಳು ಸರಿಮಾಡಲು ಮರೆತ. ಅದನ್ನು ನಂಬಿಕೊಂಡ ಬಾಮೈದ ಆವತ್ತು ಕೆಲಸಕ್ಕೆ ಮುಕ್ಕಾಲು ಗಂಟೆ ತಡವಾಗಿ ಹೋಗಿ ಬೈಸಿಕೊಂಡ. ಬುಧವಾರ ಹಾಲಿನ ಫ್ಯಾನಿನ ಸರದಿ. ಸ್ಟೂಲು ಹತ್ತಿ, ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು ಮೇಲಿನ ನಟ್ಟಿಗೆ ಸಿಕ್ಕಿಸಿದ. ಎಡಗೈಗೆ ಆ ಅಭ್ಯಾಸವೆಲ್ಲಿ. ಸ್ಪ್ಯಾನರ್ ಜಾರಿ ಟೈಲ್ಸ್ ಮೇಲೆ ಬಿದ್ದು, ಎರಡು ಸಲ ಕುಪ್ಪಳಿಸಿ, ಮೇಜಿನ ಕಾಲಿಗೆ ಬಡಿದು ನಿಂತಿತು.

ಅಲ್ಲೇ ಹಾಲಿನ ಮೂಲೆಯ ಮಂಚದಲ್ಲಿದ್ದ ಬಾಮೈದ ಎದ್ದು ಕೂತ. ಒಂದು ಬಾಗಿಲು ತೆರೆದು ಹೆಂಡತಿ ನಿಂತಳು, ಇನ್ನೊಂದು ತೆರೆದು ಮಾವ ನಿಂತರು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅತ್ತೆಗೆ ಮಾತ್ರ ಏನೂ ಗೊತ್ತಿರಲಿಲ್ಲ. ತಟ್ಟೆ ಹಿಡಿದು ಹೊರಗೆ ಬಂದವರು ನಿದ್ದೆ ಕೆಟ್ಟ ಮೂವರನ್ನೂ ಸ್ಟೂಲಿನ ಮೇಲೆ ಕಲ್ಲಾಗಿದ್ದ ಅಳಿಯನನ್ನೂ ಒಂದು ಸುತ್ತು ನೋಡಿದರು. ತಟ್ಟೆ ಕೆಳಗಿಟ್ಟು ಬಂದು ಅವನ ಎಡಗೈ ಹಿಡಿದು ಇಳಿಸಿದರು. ಸ್ಪ್ಯಾನರ್ ಎತ್ತಿಕೊಂಡು ಹೋಗಿ ಬಟ್ಟೆಗಳ ಕೆಳಗೆ ಇಟ್ಟರು.

ಗುರುವಾರ ಬೆಳಿಗ್ಗೆ ಮಾವ ಬಂದಾಗ ಅಂಗಿಯ ಬಲತೋಳು ಮೊಣಕೈಯಿಂದ ಕೆಳಗೆ ಹರಿದಿತ್ತು.

"ಮೊಳೆಗೆ ಸಿಕ್ಕಿತು" ಎಂದರು ಮಾವ.

ಅತ್ತೆ ತೋಳನ್ನು ಹಿಡಿದು ನೋಡಿದರು. ಮೊಳೆಗೆ ಸಿಕ್ಕಿದ ಬಟ್ಟೆ ಹೇಗೆ ಹರಿಯುತ್ತದೆ, ಉರುಳುವ ಯಂತ್ರಕ್ಕೆ ಸಿಕ್ಕಿದ ಬಟ್ಟೆ ಹೇಗೆ ಹರಿಯುತ್ತದೆ ಎಂದು ಬಟ್ಟೆಯಲ್ಲೇ ಆಯುಷ್ಯ ಕಳೆದ ಹೆಂಗಸಿಗೆ ಹೇಳಿಕೊಡಬೇಕೇ. ಮಾವನ ಮುಖವನ್ನೇ ನೋಡುತ್ತಾ ನಿಂತರು. ಕೊನೆಗೆ ಮಾವ ತಲೆ ತಗ್ಗಿಸಿ, "ನಿಂತ ಹಾಗೇ ಒಂದು ಕ್ಷಣ ಕಣ್ಣು ಮುಚ್ಚಿಹೋಯ್ತು. ಪಕ್ಕದವನು ಸ್ವಿಚ್ ಆರಿಸಿದ. ಏನೂ ಆಗಿಲ್ಲ" ಎಂದರು.

ಅತ್ತೆ ಅನ್ನ ಬಡಿಸಿದರು, ಹಾಸಿಗೆ ಹಾಸಿದರು. ಮೂವರೂ ಮಲಗಿದ ಮೇಲೆ ಅಳಿಯನ ಎದುರಿಗೆ ಬಂದು ಕೂತು ತುಟಿಯಾಡಿಸಿದರು. ಅವನಿಗೆ ಅರ್ಥವಾಗಲೆಂದು ಒಂದೊಂದೇ ಮಾತು, ನಿಧಾನವಾಗಿ.

"ಆ ಸದ್ದು ಬಂದಾಗ ಬೆರಳು ಎತ್ತು. ಬೇರೇನೂ ಮಾಡಬೇಡ."

ಎರಡು ಕೋಣೆಗಳ ನಡುವಿನ ಓಣಿಯಂಥ ಜಾಗದಲ್ಲಿ ಅತ್ತೆ ಒಂದು ತಗ್ಗು ಸ್ಟೂಲು ಹಾಕಿಕೊಂಡರು. ಅಲ್ಲಿ ಕೂತರೆ ಎಡಕ್ಕೆ ಮಾವ ಕಾಣುತ್ತಿದ್ದರು, ಬಲಕ್ಕೆ ಮಗಳು, ಎದುರಿಗೆ ಹಾಲಿನ ಮಂಚದಲ್ಲಿ ಮಗ. ಅಳಿಯ ಗೋಡೆಗೆ ಒರಗಿ ನಿಂತ. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಮೊದಲನೇ ಟಕ್ ಬಂತು. ಬೆರಳು ಎತ್ತಿದ. ಅತ್ತೆ ಅವನ ಬೆರಳನ್ನು ಓರೆಗಣ್ಣಿನಲ್ಲಿ ಕಂಡು ಮಲಗಿದವರ ಮುಖ ನೋಡುತ್ತಿದ್ದರು.

ಇವರು ಏನು ಮಾಡುತ್ತಿದ್ದಾರೆ ಎಂದು ಅವನಿಗೆ ಮೊದಲು ತಿಳಿಯಲಿಲ್ಲ. ಹತ್ತು ಹನ್ನೆರಡು ಸಲ ಬೆರಳು ಎತ್ತಿದ ಮೇಲೆ ಅವನಿಗೂ ಕಾಣತೊಡಗಿತು. ಪ್ರತಿ ಟಕ್ಕಿಗೂ ಮಾವನ ಹುಬ್ಬು ಒಂದಿಷ್ಟು ಗಂಟಾಗುತ್ತಿತ್ತು. ಹೆಂಡತಿ ನಾಲ್ಕಕ್ಕೊಂದು ಸಲ ಕಾಲ್ಬೆರಳು ಮಡಚುತ್ತಿದ್ದಳು. ಬಾಮೈದ ಹೆಣದ ಹಾಗೆ ಬಿದ್ದಿದ್ದ, ಅವನಿಗೆ ಯಾವ ಪರಿವೆಯೂ ಇರಲಿಲ್ಲ.

ಅತ್ತೆ ತುಟಿಯಾಡಿಸಿದರು. "ಬೀದಿ ಕಡೆಯಿಂದ ಅಲ್ಲ. ಹಾಲಿನಿಂದಲೂ ಅಲ್ಲ. ಹಿಂದಿನ ಗೋಡೆ. ಅವರ ತಲೆಗೆ ಹತ್ತಿರ, ಇವಳ ತಲೆಗೆ ದೂರ."

ಫ್ರಿಜ್ಜು, ಗಡಿಯಾರ, ಫ್ಯಾನು ಮೂರೂ ಇದ್ದದ್ದು ಮನೆಯ ಮುಂಭಾಗದಲ್ಲಿ. ಎರಡು ದಿನ ತಾನು ಮನೆಯ ತಪ್ಪು ತುದಿಯಲ್ಲಿ ಒದ್ದಾಡಿದ್ದು ತಿಳಿದು ಅವನು ಪೆಚ್ಚಾದ.

ಅತ್ತೆ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಬಾಗಿಲಲ್ಲಿ ನಿಂತು ಅವನ ಕೈ ನೋಡಿದರು. ಟಕ್, ಟಕ್, ಟಕ್. ಬೆರಳು ಇಳಿಸಲು ಪುರುಸೊತ್ತಿಲ್ಲದಂತೆ ಬಂತು. ನಲ್ಲಿ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿನ ಹಾಗೇ ಆಯಿತು.

"ನಿನ್ನೆ ನೀರು ಹಿಡಿಯುವಾಗಲೆಲ್ಲ ಇವರು ಮಗ್ಗುಲು ಬದಲಿಸ್ತಿದ್ರು" ಎಂದಿತು ಅತ್ತೆಯ ತುಟಿ. "ಅದೇ ನೋಡಿದೆ."

ಅತ್ತೆ ಶೆಲ್ಫಿನಿಂದ ಉದ್ದ ಹಿಡಿಯ ಮರದ ಸೌಟು ತೆಗೆದುಕೊಂಡು ಹಿಂಬಾಗಿಲಿನಿಂದ ಹೊರಗೆ ಹೋದರು. ಅಳಿಯ ಬೆಕ್ಕಿನಂತೆ ಹಿಂದೆ ಹೋದ. ಹೊರಗೆ ಬಿಸಿಲು ಸುಡುತ್ತಿತ್ತು. ತಾರಸಿಯ ಟ್ಯಾಂಕಿನಿಂದ ಇಳಿದ ಕಬ್ಬಿಣದ ನೀರಿನ ಪೈಪು ಮಾವನ ಕೋಣೆಯ ಹಿಂಗೋಡೆಗೆ ಅಂಟಿಕೊಂಡು ಕೆಳಗೆ ಬಂದಿತ್ತು. ಗೋಡೆಗೆ ನಾಲ್ಕು ಕಡೆ ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದರು. ಅತ್ತೆ ಸೌಟಿನ ಬುಡವನ್ನು ಕೆಳಗಿನ ಪಟ್ಟಿಗೆ ಒತ್ತಿ, ಹಿಡಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಣ್ಣು ಮುಚ್ಚಿ ನಿಂತರು.

ಆ ನೋಟ ಬೇರೆ ದಿನ ಕಂಡಿದ್ದರೆ ಅವನಿಗೆ ನಗು ತಡೆಯುತ್ತಿರಲಿಲ್ಲ. ಐವತ್ತೆಂಟು ವರ್ಷದ ಹೆಂಗಸು ಉರಿಬಿಸಿಲಲ್ಲಿ ಗೋಡೆಗೆ ಸೌಟು ಆನಿಸಿ ಕಚ್ಚಿಕೊಂಡು ನಿಂತಿದ್ದಾಳೆ. ಆದರೆ ಆವತ್ತು ಅವನಿಗೆ ನಗು ಬರಲಿಲ್ಲ. ಅತ್ತೆ ಒಂದು ಪಟ್ಟಿ ಬಿಟ್ಟು ಎರಡನೆಯದಕ್ಕೆ ಹೋದರು. ಆಮೇಲೆ ಗೋಡೆಗೆ ಒರಗಿಸಿದ್ದ ಏಣಿಯನ್ನು ಎತ್ತಿ ತಂದು, ಎರಡು ಮೆಟ್ಟಿಲು ಹತ್ತಿ, ಕಿಟಕಿಯ ಮಟ್ಟಕ್ಕಿದ್ದ ಮೂರನೆಯ ಪಟ್ಟಿಗೆ ಸೌಟು ಒತ್ತಿದರು. ಒಳಗಿನಿಂದ ಟಕ್ ಬಂದದ್ದು ಅವನ ಕಿವಿಗೆ ಬಿತ್ತು. ಬೆರಳು ಎತ್ತುವ ಮೊದಲೇ ಅತ್ತೆ ಕಣ್ಣು ತೆರೆದಿದ್ದರು.

ಸೌಟು ಬಾಯಿಂದ ತೆಗೆದು ತುಟಿಯಲ್ಲೇ, "ಇದೇ" ಎಂದರು. "ಅದುರಿದ್ದು ಹಲ್ಲಿಗೆ ಗೊತ್ತಾಗುತ್ತೆ. ಮಗ್ಗದಲ್ಲಿ ಎಲ್ಲಿ ಚಕ್ರದ ಹಲ್ಲು ಮುರಿದಿದೆ ಅಂತ ನಾವು ಹೀಗೇ ನೋಡ್ತಿದ್ದದ್ದು. ಕಿವಿಯಿಂದ ನೋಡೋಕೆ ಅಲ್ಲಿ ಕಿವಿ ಯಾರಿಗಿತ್ತು?"

ಉಳಿದದ್ದು ಅವನಿಗೆ ಒಂದೇ ನೋಟಕ್ಕೆ ಹೊಳೆಯಿತು. ಬಿಸಿಲಿಗೆ ಪೈಪು ಕಾದು ಹಿಗ್ಗುತ್ತದೆ. ಪಟ್ಟಿಯ ಒಳಗಿದ್ದ ಹಳೆಯ ರಬ್ಬರು ಪುಡಿಯಾಗಿ ಉದುರಿಹೋಗಿದೆ. ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಂಡು, ತಡೆಯಲಾರದೆ ಒಮ್ಮೆಗೇ ಜಾರುತ್ತದೆ. ತಣ್ಣೀರು ಹರಿದರೆ ಕುಗ್ಗುತ್ತದೆ, ಆಗಲೂ ಜಾರುತ್ತದೆ. ಪಟ್ಟಿ ಬಿಚ್ಚಿ ಒಳಗೊಂದು ರಬ್ಬರು ಇಟ್ಟರೆ ಮುಗಿಯಿತು. ಕೆಲಸ ಗೊತ್ತಿದ್ದವನಿಗೆ ಕೈಯಿಲ್ಲ. ಕೈಯಿದ್ದವರು ಆಗಲೇ ಏಣಿಯ ಮೇಲಿದ್ದರು.

"ಸಂಜೆ ಎಲ್ಲ ಎದ್ದ ಮೇಲೆ ಮಾಡೋಣ" ಎಂದು ಅವನು ತುಟಿಯಾಡಿಸಿದ.

ಅತ್ತೆ ಬೇಡವೆಂದು ತಲೆಯಾಡಿಸಿದರು. "ಸಂಜೆ ಬಿಸಿಲಿರಲ್ಲ. ಸರಿಹೋಯ್ತೋ ಇಲ್ಲವೋ ಗೊತ್ತಾಗೋದು ಹೇಗೆ? ಆಮೇಲೆ, ಇವತ್ತಿನ ನಿದ್ದೆ ಅವರಿಗೆ ಯಾರು ಕೊಡ್ತಾರೆ?"

ಗೋಡೆಯ ಆಚೆ ಒಂದು ಗೇಣು ದೂರದಲ್ಲಿ ಮಾವನ ತಲೆ. ಪಟ್ಟಿಯ ಎರಡು ಸ್ಕ್ರೂಗಳೂ ತುಕ್ಕು ಹಿಡಿದು ಗೋಡೆಯ ಬಣ್ಣಕ್ಕೇ ತಿರುಗಿದ್ದವು. ಅವನ ಗೋದಾಮಿನಲ್ಲಾದರೆ ಸುತ್ತಿಗೆಯಿಂದ ನಾಲ್ಕು ಬಾರಿಸುತ್ತಿದ್ದರು. ಅತ್ತೆ ಸ್ಕ್ರೂಗಳಿಗೆ ಅಡುಗೆ ಎಣ್ಣೆ ಸವರಿ, ಮೇಲೆ ಬಟ್ಟೆಯ ಚಿಂದಿ ಸುತ್ತಿ, ಇಳಿದು ಒಳಗೆ ಹೋಗಿ ಅರ್ಧ ಗಂಟೆ ಬಟ್ಟೆ ಮಡಚುತ್ತಾ ಕೂತರು. ಅಳಿಯನಿಗೆ ಮುಳ್ಳಿನ ಮೇಲೆ ಕೂತ ಹಾಗಾಗಿತ್ತು. ಒಳಗೆ ಪ್ರತಿ ಟಕ್ಕಿಗೂ ಮಾವನ ಹುಬ್ಬಿನ ಗಂಟು ಅವನಿಗೆ ಕಾಣದೆಯೇ ಕಾಣುತ್ತಿತ್ತು. ಅತ್ತೆ ಮಾತ್ರ ಒಂದು ಮಡಿಕೆಯನ್ನೂ ಅವಸರದಲ್ಲಿ ಮಾಡಲಿಲ್ಲ.

ಆಮೇಲೆ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ, ಸೈಕಲ್ಲಿನ ಹಳೇ ಟ್ಯೂಬಿನಿಂದ ಕತ್ತರಿಸಿದ ಒಂದು ತುಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಹತ್ತಿದರು. ಅಳಿಯ ಎಡಗೈ, ಎರಡು ಕಾಲು, ಪ್ಲಾಸ್ಟರಿನ ಕೈ ಎಲ್ಲವನ್ನೂ ಕೊಟ್ಟು ಏಣಿ ಹಿಡಿದ. ಏಣಿಯಿಂದ ಬೀಳುವುದು ಎಷ್ಟು ಸುಲಭ ಎಂದು ಅವನಷ್ಟು ಚೆನ್ನಾಗಿ ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೊದಲ ಸ್ಕ್ರೂ ತಿರುಗಿತು. ಎರಡನೆಯದು ಜಪ್ಪಯ್ಯ ಎನ್ನಲಿಲ್ಲ. ಅತ್ತೆ ತುಟಿ ಕಚ್ಚಿ ಭುಜವನ್ನೆಲ್ಲ ಕೊಟ್ಟು ತಿರುಗಿಸಿದರು. ಕತ್ತಿನ ನರ ಉಬ್ಬಿತು. ಅವನು ಅವರ ಪಾದ ಮುಟ್ಟಿ ಕೆಳಗೆ ನೋಡುವಂತೆ ಮಾಡಿ, ತುಟಿಯಲ್ಲಿ ಹೇಳಿದ: "ಮೊದಲು ಬಿಗಿ ಮಾಡಿ. ಕೂದಲಷ್ಟು. ಆಮೇಲೆ ಸಡಿಲಿಸಿ."

ಇವನಿಗೆ ಬಿಸಿಲು ತಲೆಗೇರಿತೇ ಎಂಬಂತೆ ಅತ್ತೆ ನೋಡಿದರು. ಆದರೂ ಬಿಗಿ ಮಾಡಿದರು. ತುಕ್ಕು ಸೀಳಿಕೊಂಡದ್ದು ಕೈಗೆ ಗೊತ್ತಾಗಿರಬೇಕು, ಮುಖ ಅರಳಿತು. ಆಮೇಲೆ ಸ್ಕ್ರೂ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಹೊರಗೆ ಬಂತು. ಕೆಳಗೆ ಬೀಳುವ ಮೊದಲೇ ಅದನ್ನು ಎಡ ಅಂಗೈಯಲ್ಲಿ ಹಿಡಿದು ತುಟಿಗಳ ನಡುವೆ ಇಟ್ಟುಕೊಂಡರು. ಅಷ್ಟು ಹೊತ್ತಿನಲ್ಲಿ ಒಂದು ಚೂರು ಸದ್ದೂ ಆಗಲಿಲ್ಲ. ಕಿವಿಯಿದ್ದ ಅವನು ಸ್ಪ್ಯಾನರ್ ಬೀಳಿಸಿದ್ದ. ಕಿವಿ ಕೇಳದ ಹೆಂಗಸು ಪ್ರತಿಯೊಂದನ್ನೂ ಅದು ಮಾಡಬಹುದಾಗಿದ್ದ ಸದ್ದಿನ ಸಮೇತ ಕೈಯಲ್ಲಿ ಹಿಡಿಯುತ್ತಿದ್ದಳು. ಅಲ್ಲಿ ನಿಂತು ಏಣಿ ಹಿಡಿದುಕೊಂಡೇ ಅವನಿಗೆ ಕುರ್ಚಿಯ ರಬ್ಬರು, ತಟ್ಟೆಯ ನಡುವಿನ ಬಟ್ಟೆ, ಬಿಜಾಗರಿಯ ಎಣ್ಣೆ ಎಲ್ಲ ನೆನಪಾಗಿ ತನ್ನ ನಗುವಿನ ಬಗ್ಗೆ ನಾಚಿಕೆಯಾಯಿತು. ಅದರಲ್ಲಿ ಒಂದಾದರೂ ಅತ್ತೆಯ ಕಿವಿಗೆ ಕೇಳಿದ ಸದ್ದಲ್ಲ. ಒಂದೊಂದನ್ನೂ ಹೀಗೇ, ಮಲಗಿದವರ ಹುಬ್ಬು ಕಾಲ್ಬೆರಳು ನೋಡಿ ನೋಡಿ ಹಿಡಿದದ್ದು.

ಟ್ಯೂಬಿನ ತುಂಡು ಪೈಪಿಗೂ ಪಟ್ಟಿಗೂ ನಡುವೆ ಕೂತಿತು. ಸ್ಕ್ರೂಗಳು ವಾಪಸು ಹೋದವು. ಅತ್ತೆ ಇಳಿದು ಬೆವರು ಒರೆಸಿಕೊಂಡು ಅವನ ಮುಖ ನೋಡುತ್ತಾ ನಿಂತರು.

ಗಂಟೆ ಹನ್ನೆರಡೂವರೆ, ಬಿಸಿಲು ನೆತ್ತಿಯ ಮೇಲೆ. ಅವನು ಉಸಿರು ಬಿಗಿಹಿಡಿದು ಕೇಳಿದ. ದೂರದ ರಸ್ತೆಯಲ್ಲಿ ಒಂದು ಸ್ಕೂಟರು ಹೋಯಿತು. ಎಲ್ಲೋ ಕಾಗೆ ಕೂಗಿತು. ಒಂದು ನಿಮಿಷ, ಎರಡು, ಐದು. ಅತ್ತೆ ಒಳಗೆ ಹೋಗಿ ನಲ್ಲಿ ತಿರುಗಿಸಿ ಬಂದರು. ನೀರು ಹರಿದ ಸದ್ದಷ್ಟೇ.

"ನಿಂತಿತು" ಎಂದ ತುಟಿಯಲ್ಲಿ.

ಅತ್ತೆ ಅವನ ಮಾತನ್ನು ಅಷ್ಟಕ್ಕೇ ನಂಬಲಿಲ್ಲ. ಚಪ್ಪಲಿ ಬಿಟ್ಟು ಮಾವನ ಬಾಗಿಲಿಗೆ ಹೋಗಿ ಇಣುಕಿದರು. ಮಾವ ಬೆನ್ನ ಮೇಲೆ ಮಲಗಿದ್ದರು. ಬಾಯಿ ಅರ್ಧ ತೆರೆದಿತ್ತು, ಹಣೆ ನುಣ್ಣಗಿತ್ತು. ಅದನ್ನು ನೋಡಿದ ಮೇಲೆ ಅತ್ತೆ ಹೋಗಿ ನೀರು ಕುಡಿದರು.

ಮಾವ ಎದ್ದದ್ದು ಸಂಜೆ ಆರಕ್ಕೆ, ಎಂದಿಗಿಂತ ಎರಡು ಗಂಟೆ ತಡವಾಗಿ. ಅಷ್ಟು ಹೊತ್ತಿಗೆ ಎಲ್ಲರೂ ಚಹಾಕ್ಕೆ ಕೂತಿದ್ದರು. "ನಾಲ್ಕು ದಿನದ ನಿದ್ದೆ ಒಂದೇ ಸಲಕ್ಕೆ ಮಾಡಿದೆ" ಎಂದು ಅಳಿಯನ ಬೆನ್ನು ತಟ್ಟಿದರು. "ಅಂತೂ ಹಿಡಿದೆಯಲ್ಲಪ್ಪ. ಕಸುಬು ಗೊತ್ತಿದ್ದವನು ಮನೇಲಿದ್ರೆ ಎಷ್ಟು ಅನುಕೂಲ."

"ನಾನಲ್ಲ ಮಾವ. ನಾನು ಬರೀ ಏಣಿ ಹಿಡಿದೆ."

ನಡೆದದ್ದನ್ನೆಲ್ಲ ಹೇಳಿದ. ಬೆರಳು ಎತ್ತಿದ್ದು, ಹುಬ್ಬು ನೋಡಿದ್ದು, ಸೌಟು ಕಚ್ಚಿದ್ದು. ಬಾಮೈದ ನಡುವೆ ನಗಲು ಹೋಗಿ ಸುಮ್ಮನಾದ. ಹೆಂಡತಿ ಲೋಟ ಕೆಳಗಿಟ್ಟಳು.

"ನಾನು ಚಿಕ್ಕೋಳಿದ್ದಾಗಿಂದ ಅಂದ್ಕೊಂಡಿದ್ದೆ, ನಮ್ಮ ಬೀದಿಯೇ ಹಾಗೆ, ಗಲಾಟೆ ಇಲ್ಲದ ಬೀದಿ ಅಂತ" ಎಂದಳು. "ಮದುವೆಯಾಗಿ ನಿಮ್ಮ ಮನೆಗೆ ಬಂದ ಮೇಲೆ, ಇದೇನಪ್ಪ ಊರೆಲ್ಲ ಇಷ್ಟು ಸದ್ದು ಮಾಡುತ್ತೆ ಅಂತ ಬೇಜಾರಾಗಿತ್ತು."

ಮಾವ ಅತ್ತೆಯ ಕಡೆ ತಿರುಗಿ ಕೇಳಿದರು, "ಎಷ್ಟು ವರ್ಷದಿಂದ ಹೀಗೆ ಕಾಯ್ತಾ ಇದೀಯ?"

"ಎಲ್ಲಿ ಕಾಯೋದು" ಎಂದರು ಅತ್ತೆ, ಸಂಜೆಯ ತಮ್ಮ ದೊಡ್ಡ ದನಿಯಲ್ಲಿ. "ಕೆಲಸ ಮಾಡ್ತಾ ಓಡಾಡುವಾಗ ಕಣ್ಣಿಗೆ ಬೀಳುತ್ತೆ. ಬಿದ್ದದ್ದನ್ನ ಸರಿ ಮಾಡೋದು. ಚಹಾ ಆರುತ್ತೆ, ಕುಡೀರಿ."

ಮಾವ ಚಹಾ ಕುಡಿದು, ಟಾರ್ಚು ಹಿಡಿದು ಹಿತ್ತಿಲಿಗೆ ಹೋದರು. ಅಳಿಯನೂ ಜೊತೆಗೆ ಹೋದ. ಮಾವ ಏಣಿ ಹತ್ತಲಿಲ್ಲ. ಕೆಳಗಿನಿಂದಲೇ ಬೆಳಕು ಬಿಟ್ಟು ಆ ಪಟ್ಟಿಯನ್ನು, ಅದರ ಅಂಚಿನಿಂದ ಇಣುಕುತ್ತಿದ್ದ ಕಪ್ಪು ರಬ್ಬರನ್ನು ನೋಡಿದರು. ಕೈ ಎತ್ತಿ ಪೈಪನ್ನು ಒಮ್ಮೆ ಸವರಿದರು. "ಚೆನ್ನಾಗಿ ಕೂರಿಸಿದಾಳೆ" ಎಂದರು, ತಮಗೆ ತಾವೇ.

ಕೆಲಸಕ್ಕೆ ಹೊರಡುವಾಗ ಅತ್ತೆ ಹೊಲಿದಿಟ್ಟಿದ್ದ ಅಂಗಿ ತಂದು ಕೊಟ್ಟರು. ಮಾವ ಅದನ್ನು ತೊಟ್ಟುಕೊಂಡು ಬಾಗಿಲ ತನಕ ಹೋಗಿ ತಿರುಗಿ ನಿಂತರು. ಅತ್ತೆ ತಲೆ ಎತ್ತಿದಾಗ, ದನಿಯಿಲ್ಲದೆ ತುಟಿಯಲ್ಲೇ ಏನೋ ಹೇಳಿದರು. ನಾಲ್ಕೈದು ಮಾತು ಇರಬಹುದು. ಅಳಿಯ ಎಷ್ಟು ಕಣ್ಣು ಕೀಲಿಸಿ ನೋಡಿದರೂ ಒಂದಕ್ಷರ ತಿಳಿಯಲಿಲ್ಲ.

ಅತ್ತೆ ಬಾಯ್ತುಂಬ ನಕ್ಕರು, ಮನೆಯೆಲ್ಲ ತುಂಬುವಷ್ಟು. ಮಾವ ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿದರು. ಅಳಿಯ ಚಹಾದ ಲೋಟಗಳನ್ನು ಎಡಗೈಯಲ್ಲಿ ಒಂದೊಂದಾಗಿ ಎತ್ತಿ, ಸದ್ದಾಗದ ಹಾಗೆ ಸಿಂಕಿನಲ್ಲಿಟ್ಟ.